ಏಳನೆಯ ಮಾಹಿತಿದಾರರ ಹೆಸರು ಬರೆಯಕೂಡದು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಠಾಣೆಯ ಸಭಾಗೃಹದಿಂದಲೋ, ಡೊಂಬಿವಲಿಯ ಅಡುಗೆಮನೆಯಿಂದಲೋ, ಎರಡನೇ ಮಹಾಯುದ್ಧ ಮುಗಿದ ಮೇಲಿನ ಯುರೋಪಿನಿಂದಲೋ? ನಗಬೇಡಿ. ಇದರೊಳಗೆ ಬರುವ ಮಾನಸಿಯ ಥೀಸಿಸ್ ಯುರೋಪಿನಿಂದಲೇ ಹೊರಡುತ್ತದೆ. ಅದು ಡೊಂಬಿವಲಿಗೆ ಬಂದು ಇಳಿಯುವಷ್ಟರಲ್ಲಿ ಓದುವವರಿಗೆ ಎರಡು ಸಲ ನಿದ್ದೆ ಬಂದು ಹೋಗಿರುತ್ತದೆ. ನನಗೆ ಅಷ್ಟು ಪುರುಸೊತ್ತಿಲ್ಲ. (ನಿಮಗೆ ಇದೆ ಅಂತ ಕಾಣುತ್ತದೆ. ಇಲ್ಲದಿದ್ದರೆ ಸಂಘದ ವಿಶೇಷಾಂಕದಲ್ಲಿ ಕಥೆಯ ಪುಟ ಯಾರು ತೆರೆಯುತ್ತಾರೆ?)

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಮೈಕಿನ ಎದುರು ನಿಂತವರು ವಿನಯಕ್ಕೆ ಹೇಳುತ್ತಾರಲ್ಲ, ಆ ನಾಚಿಕೆ ಅಲ್ಲ. ಬರೆಯಬೇಡಿ ಎಂದು ಕೈ ಮುಗಿದವರ ಕಥೆಯನ್ನೇ ಬರೆಯಲು ಕೂತಿದ್ದೇನೆ. ಆದರೂ ಪೆನ್ನು ನಿಲ್ಲಿಸುತ್ತಿಲ್ಲ ನೋಡಿ, ನನ್ನ ಮುಖಕ್ಕಿಷ್ಟು ಬೆಂಕಿ ಹಾಕ!

1.

ನಾನು ಪ್ರೇಮನಾಥ. ಕೋಪರಖೈರಣೆಯಲ್ಲಿ ಮನೆ, ಬೇಲಾಪುರದಲ್ಲಿ ಆಫೀಸು, ನಡುವೆ ಲೋಕಲ್ ಟ್ರೈನಿನಲ್ಲಿ ಸೀಟು ಸಿಕ್ಕಿದರೆ ಸಾಹಿತ್ಯ. ನವಿ ಮುಂಬಯಿಯ ನಮ್ಮ ಕನ್ನಡ ಸಂಘಕ್ಕೆ ನಾನು ಸಾಹಿತ್ಯ ಕಾರ್ಯದರ್ಶಿ. ವಿಶೇಷಾಂಕದಲ್ಲಿ ಪ್ರತಿವರ್ಷ ನನ್ನದೇ ಕಥೆ ಬರುತ್ತದೆ, ಏಕೆಂದರೆ ಬೇರೆ ಯಾರೂ ಕಳಿಸುವುದಿಲ್ಲ.

ನಮ್ಮದಲ್ಲದೆ ಠಾಣೆ, ಡೊಂಬಿವಲಿ, ಕಲ್ಯಾಣದಲ್ಲೂ ಒಂದೊಂದು ಸಂಘವಿದೆ. ಎಲ್ಲರೂ ಮಾಡುವುದು ಅದನ್ನೇ: ರಾಜ್ಯೋತ್ಸವ, ತಾಳಮದ್ದಳೆ, ಅರಸಿನ ಕುಂಕುಮ, ಹತ್ತನೇ ತರಗತಿ ಪಾಸಾದ ಮಕ್ಕಳಿಗೆ ಬಹುಮಾನ. ಹಾಗಿರುವಾಗ ನಾಲ್ಕೂ ಸೇರಿ ಒಂದೇ ಮಹಾಸಂಘವಾದರೆ ಏನು ಎಂಬ ಮಾತು ಬಹಳ ಕಾಲದಿಂದ ನಡೆಯುತ್ತಿತ್ತು. ಅಂಥ ಹೊತ್ತಿಗೆ ಸರಿಯಾಗಿ ಮಾನಸಿ ಬಂದಳು.

ಮಾನಸಿ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, ಪ್ರಾದೇಶಿಕ ರಾಜಕೀಯ ಏಕೀಕರಣದ ಸಿದ್ಧಾಂತಗಳು. ಅಂದರೆ ಅಕ್ಕಪಕ್ಕದ ದೇಶಗಳು ತಮ್ಮ ತಮ್ಮ ಠೇಂಕಾರ ಬಿಟ್ಟು ಒಂದಾಗುವುದು ಹೇಗೆ, ಆಗದಿದ್ದರೆ ಯಾಕೆ ಎಂಬ ವಿಚಾರ. ದೇಶಗಳ ಬಗ್ಗೆ ಎಲ್ಲರೂ ಬರೆದಾಯಿತು, ನೀನು ಸಣ್ಣದೊಂದು ಕೇಸ್ ಹಿಡಿ ಎಂದರಂತೆ ಅವಳ ಗೈಡ್. ಅವಳು ನಮ್ಮ ನಾಲ್ಕು ಸಂಘಗಳನ್ನು ಹಿಡಿದಳು.

“ಅಂಕಲ್, ಬೇಸಿಕಲಿ ಎಂತ ಹೇಳಿದ್ರೆ,” ಎಂದು ಠಾಣೆ–ವಾಶಿ ಟ್ರೈನಿನ ನೂಕುನುಗ್ಗಲಿನಲ್ಲಿ ನೇತಾಡುತ್ತ ವಿವರಿಸಿದ್ದಳು, “ಯುರೋಪಿನವರು ಫಸ್ಟ್ ಕಲ್ಲಿದ್ದಲು, ಸ್ಟೀಲ್ ಇಷ್ಟೇ ಶೇರ್ ಮಾಡಿದ್ದು. ಫಿರ್ ಧೀರೇ ಧೀರೇ ಮಾರ್ಕೆಟ್, ಆಮೇಲೆ ಕರೆನ್ಸಿ. ಅದಕ್ಕೆ ಸ್ಪಿಲ್‌ಓವರ್ ಹೇಳುದು. ಒಂದು ಪಾತ್ರೆ ತುಂಬಿ ಪಕ್ಕದ ಪಾತ್ರೆಗೆ ಚೆಲ್ಲುದು.”

“ನಮ್ಮಲ್ಲಿ ಕಲ್ಲಿದ್ದಲು ಎಲ್ಲುಂಟು ಮಾರಾಯ್ತಿ?”

“ಕೊಪ್ಪರಿಗೆ ಉಂಟಲ್ಲ!”

ಹೌದು ಮತ್ತೆ. ಕಲ್ಯಾಣದವರ ಅನ್ನದ ಕೊಪ್ಪರಿಗೆಯನ್ನು ಡೊಂಬಿವಲಿಯವರು ತರಿಸುತ್ತಾರೆ, ಠಾಣೆಯವರ ಸೌಂಡ್ ಸಿಸ್ಟಮ್ ನಮಗೆ ಬರುತ್ತದೆ. ಈ ಕೊಡುಕೊಳ್ಳುವಿಕೆಯೇ ಬೆಳೆದು ಒಂದು ದಿನ ಮಹಾಸಂಘವಾಗುತ್ತದೆ ಎನ್ನುವುದು ಪಂಡಿತರ ಒಂದು ಪಂಗಡದ ವಾದ. ಇನ್ನೊಂದು ಪಂಗಡದವರು ಇದನ್ನು ಒಪ್ಪುವುದಿಲ್ಲವಂತೆ. ಕೊಪ್ಪರಿಗೆಯಿಂದ ಯಾರೂ ಒಂದಾಗುವುದಿಲ್ಲ, ತನಗೇನು ಸಿಕ್ಕಿತು ಎಂದು ನೋಡಿಕೊಂಡೇ ಪ್ರತಿಯೊಬ್ಬನೂ ಸಹಿ ಹಾಕುವುದು ಎನ್ನುತ್ತಾರೆ ಅವರು. ನಮ್ಮ ಮಹಾಸಭೆಗಳನ್ನು ನೋಡಿದವನು ನಾನು, ಹಾಗಾಗಿ ಎರಡನೇ ಪಂಗಡ.

ಮಾನಸಿಯದು ಗುಣಾತ್ಮಕ ಸಂಶೋಧನೆ. ಪ್ರಶ್ನಾವಳಿ ಹಂಚಿ ಟಿಕ್ ಹಾಕಿಸುವುದಲ್ಲ. ಜನರ ಮನೆಗೆ ಹೋಗಿ, ಕೂತು, ಮಾತಾಡಿಸಿ, ರೆಕಾರ್ಡ್ ಮಾಡಿ, ಆ ಮಾತಿನ ರಾಶಿಯಿಂದ ಅರ್ಥ ಹೆಕ್ಕುವುದು. ಹೇಳಿದವರ ಹೆಸರು ಎಲ್ಲೂ ಬರೆಯಕೂಡದು. ಹೆಸರಿನ ಬದಲು ನಂಬರ್ ಕೊಡುತ್ತಾರೆ.

2.

ಡೊಂಬಿವಲಿಯ ನಳಿನಾಕ್ಷಕ್ಕನಿಗೆ ಬಂದದ್ದು ಏಳನೇ ನಂಬರ್.

(ನಳಿನಾಕ್ಷಿ ಎಂಬುದು ಅವರ ನಿಜವಾದ ಹೆಸರಲ್ಲ. ನಾನೂ ನಂಬರ್ ಕೊಡಬಹುದಿತ್ತು. ಆದರೆ ನಂಬರಿನ ಕಥೆ ಯಾರು ಓದುತ್ತಾರೆ?)

2. (ಪುನಃ)

ಮೇಲಿನದು ಸರಿಯಾಗಲಿಲ್ಲ, ಹೊಡೆದು ಹಾಕಿದೆ. ಹೆಸರು ಬದಲಿಸಿದರೆ ಸಾಲದು, ಊರು ಬದಲಿಸುವ, ಭಾಷೆ ಬದಲಿಸುವ ಎಂದುಕೊಂಡೆ. ಡೊಂಬಿವಲಿಯನ್ನು ಕಲ್ಯಾಣ ಮಾಡಿದೆ. ನಳಿನಾಕ್ಷಕ್ಕನನ್ನು ತೆಗೆದು ಬಿಜಾಪುರ ಕಡೆಯ ದಾನಮ್ಮ ಎಂಬವರನ್ನು ಹುಟ್ಟಿಸಿದೆ. ಒಂದು ಪುಟ ನಡೆದರು, ಅಷ್ಟರಲ್ಲಿ ದಾನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು.

“ಏನ್ರೀ ಸಾಹೇಬ್ರ, ಯಾರದೋ ಮರ್ಯಾದಿ ಉಳಸಾಕ ನನ್ನ ಮರ್ಯಾದಿ ಯಾಕ ಕಳೀತೀರಿ? ನನ್ನ ಗಂಡ ಯಾರ ಮುಂದೂ ಹಂಗ ನಿಂತಾಂವಲ್ಲ. ನಾ ಹಂಗ ಅಂದಾಕಿನೂ ಅಲ್ಲ.”

“ಕಥೆ ಅಮ್ಮಾ, ಕಲ್ಪನೆ ಅಷ್ಟೇ.”

“ಕಲ್ಪನೀನ ಇದ್ರ ನಿಮ್ಮ ಮನೀಯವ್ರ ಹೆಸರ ಹಾಕ್ಕೋರಿ.”

ದಾನಮ್ಮ ಹೋದರು. ಹೋಗುವಾಗ ಬಾಗಿಲು ಧಡ್ ಎಂದು ಹಾಕಿದ್ದು ಕೇಳಿಸಿತು. ಹೀಗಾಗಿ ಮತ್ತೆ ಡೊಂಬಿವಲಿಗೇ ಬರಬೇಕಾಯಿತು.

4.

(ಮೂರನೆಯದರಲ್ಲಿ ಬರೀ ನನ್ನ ಸಮರ್ಥನೆ ಇತ್ತು, ಹರಿದು ಹಾಕಿದೆ.)

ನಳಿನಾಕ್ಷಕ್ಕನ ಗಂಡ ದೇಜಪ್ಪಣ್ಣ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರದೊಂದು ಸಣ್ಣ ಹೋಟೆಲು, ಅಲ್ಲಿನ ಕನ್ನಡ ಸಂಘಕ್ಕೆ ಅಧ್ಯಕ್ಷರು. ಊರಿಂದ ಬಂದ ಹೊಸತರಲ್ಲಿ, ಮೀಸೆ ಚಿಗುರುವ ಪ್ರಾಯದಲ್ಲಿ, ಅವರು ಠಾಣೆಯ ಒಂದು ಹೋಟೆಲಿನ ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಕಪ್ಪುಬಸಿ ತೊಳೆಯುತ್ತಿದ್ದರು. ಆ ಹೋಟೆಲಿನ ಧಣಿಗಳ ಮಗ ಮುರಾರಿ ಈಗ ಠಾಣೆ ಸಂಘದ ಅಧ್ಯಕ್ಷರು. ಇದೇನೂ ಗುಟ್ಟಲ್ಲ. ದೇಜಪ್ಪಣ್ಣ ಭಾಷಣದಲ್ಲಿ ತಾವೇ ಹೇಳಿಕೊಳ್ಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನಾಲ್ಕು ಸಂಘ ಒಂದಾಗಬೇಕು ಎಂದು ಎಲ್ಲರಿಗಿಂತ ಜಾಸ್ತಿ ಓಡಾಡಿದವರೂ ಅವರೇ.

ಇನ್ನು ಮಾನಸಿ. ಅವಳ ಅಪ್ಪ ಅಮ್ಮ ಇಬ್ಬರಿಗೂ ಆಫೀಸು. ಶಾಲೆ ಬಿಟ್ಟ ಮೇಲೆ ಅವಳು ಇರುತ್ತಿದ್ದದ್ದು ಪಕ್ಕದ ಫ್ಲ್ಯಾಟಿನ ನಳಿನಾಕ್ಷಕ್ಕನ ಹತ್ತಿರ. ನಮ್ಮ ಕಡೆಯ ಇಲ್ಲಿನ ಮಕ್ಕಳು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತವೆ. ಮಾನಸಿಗೆ ಮಾತ್ರ ಕನ್ನಡ ಬರುತ್ತದೆ, ಅದು ನಳಿನಾಕ್ಷಕ್ಕನಿಂದ ಬಂದದ್ದು. ಎಲ್ಲಿ ಎಳೆಯಬೇಕು, ಎಲ್ಲಿ ‘ಮಾರಾಯ್ತಿ’ ಸೇರಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲವೂ ಅವರದೇ. ಫೋನಿನಲ್ಲಿ ಕೇಳಿದರೆ ಇಬ್ಬರಲ್ಲಿ ಯಾರು ಎಂದು ಗೊತ್ತಾಗುವುದಿಲ್ಲ.

ಸಂದರ್ಶನಕ್ಕೆ ಹೋದಾಗ ನಳಿನಾಕ್ಷಕ್ಕ ನೀರುದೋಸೆ ಹೊಯ್ಯುತ್ತಿದ್ದರಂತೆ. ಒಪ್ಪಿಗೆ ಪತ್ರಕ್ಕೆ, ಅದರಲ್ಲಿ ಎಂತ ಉಂಟು ಎಂದು ಕೇಳದೆ, ಹಿಟ್ಟಿನ ಕೈ ಒರಸಿಕೊಂಡು ಸಹಿ ಹಾಕಿದರು. ಆಮೇಲೆ ಮಾತಾಡಿದರು. ಸಂಶೋಧಕಿಯ ಹತ್ತಿರ ಅಲ್ಲ, ಅಡುಗೆಮನೆಯ ಕಟ್ಟೆ ಮೇಲೆ ಕೂತು ದೋಸೆ ತಿನ್ನುವ ಹುಡುಗಿಯ ಹತ್ತಿರ. ಈ ಎರಡರ ನಡುವಿನ ವ್ಯತ್ಯಾಸ ಅವರಿಗೆ ಹೊಳೆಯಲಿಲ್ಲ. ಮಾನಸಿಗೆ ಹೊಳೆಯಿತು, ಆದರೆ ಹೇಳಿದ ಮಾತು ಬಹಳ ಚೆನ್ನಾಗಿತ್ತು.

5.

ನಮ್ಮ ಸಂಘದವರಿಗೆಲ್ಲ ಒಂದು ಚಟ. ನಮ್ಮವರ ಮಕ್ಕಳು ಏನು ಮಾಡಿದರೂ ಶಾಲು ಹೊದೆಸಿ ಸನ್ಮಾನ ಮಾಡಬೇಕು. ಥೀಸಿಸ್ ಮುಗಿದಿರಲಿಲ್ಲ, ಇರಲಿ, ಆಮೇಲೆ ದೊಡ್ಡ ಜನ ಆದರೆ ಕೈಗೆ ಸಿಗುವುದಿಲ್ಲ ಎಂದು ಮುಂಚಿತವಾಗಿಯೇ ಇಟ್ಟುಕೊಂಡರು. ಠಾಣೆಯ ಸಭಾಗೃಹದಲ್ಲಿ ನಾಲ್ಕೂ ಸಂಘಗಳ ಜಂಟಿ ಸಭೆ. ಮೊದಲು ಮಾನಸಿಗೆ ಸನ್ಮಾನ, ಬಳಿಕ ಅವಳ ಸಂಶೋಧನೆಯ ಬಗ್ಗೆ ನಾಲ್ಕು ಮಾತು, ಕೊನೆಗೆ ವಿಲೀನದ ಠರಾವನ್ನು ದೇಜಪ್ಪಣ್ಣ ಮಂಡಿಸುವುದು. ನಾನು ಕಾರ್ಯಕ್ರಮ ನಡೆಸಿಕೊಡುವವನು. ವೇದಿಕೆಯಲ್ಲಿ ಮುರಾರಿ, ಪಕ್ಕದ ಕುರ್ಚಿಯಲ್ಲಿ ದೇಜಪ್ಪಣ್ಣ. ಹರಿವಾಣ ಹಿಡಿದು ಬಂದವರು ನಳಿನಾಕ್ಷಕ್ಕ. ಮಾನಸಿಯ ಹಣೆಗೆ ಕುಂಕುಮ ಇಟ್ಟು, ಕೆನ್ನೆ ತಟ್ಟಿ, ಕೆಳಗೆ ಹೆಂಗಸರ ಸಾಲಿನಲ್ಲಿ ಹೋಗಿ ಕೂತರು.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬಂತು. ಏಳನೇ ಮಾಹಿತಿದಾರರ ಅಭಿಪ್ರಾಯವೂ ಬಂತು. ಸಣ್ಣ ಘಟಕಗಳ ನಾಯಕತ್ವಕ್ಕೆ ವಿಲೀನದಿಂದ ಸ್ಥಾನಮಾನ ನಷ್ಟವಾಗಬಹುದು, ಅಂಥ ಅರ್ಥ. ಯಾರಿಗೂ ಏನೂ ಅನಿಸಲಿಲ್ಲ. ಮುಂದಿನ ಸಾಲಿನವರು ಊಟದ ಕೋಣೆಯ ಕಡೆ ನೋಡುತ್ತಿದ್ದರು. ಇಂಗ್ಲಿಷಿನೊಳಗೆ ನಳಿನಾಕ್ಷಕ್ಕ ಕ್ಷೇಮವಾಗಿದ್ದರು.

ಆಗ ಮುರಾರಿ, ಹುಡುಗಿಯ ಮೇಲಿನ ಅಭಿಮಾನದಿಂದಲೇ, ಮೈಕು ಎಳೆದುಕೊಂಡು ಹೇಳಿದರು. “ಮಗಾ, ಈ ಇಂಗ್ಲಿಷ್ ನಮ್ಮ ತಲೆಗೆ ಹೋಗ್ಲಿಕ್ಕಿಲ್ಲ. ನಮ್ಮ ಜನ ಬಾಯಲ್ಲಿ ಎಂತ ಹೇಳಿದ್ದಾರೆ, ಅದನ್ನೇ ಓದು. ನಮ್ಮ ಭಾಷೆಯಲ್ಲಿ ಕೇಳುವ.”

ಸಭೆ ಹೌದು ಹೌದು ಎಂದಿತು. ನಾನೂ ಹೌದು ಎಂದೆ. ಮಾನಸಿಯ ಮುಖ ಅರಳಿತು. ತನ್ನ ಕೆಲಸವನ್ನು ಇಷ್ಟು ಜನ ಕೇಳುತ್ತಿದ್ದಾರೆ ಎನ್ನುವ ಖುಷಿಯಲ್ಲಿ ಲ್ಯಾಪ್‌ಟಾಪಿನಲ್ಲಿ ಹುಡುಕಿ ಓದಿದಳು. ಹೇಳಿದವರ ಹೆಸರಿಲ್ಲ, ಊರಿಲ್ಲ, ನಿಯಮದ ಪ್ರಕಾರ ಎಲ್ಲ ಸರಿ.

“ಹೇಳಬಾರದು ಮಾರಾಯ್ತಿ, ಆದರೂ ಹೇಳ್ತೇನೆ. ನಮ್ಮವರಿಗೆ ಠಾಣೆಯವರ ಎದುರು ಕೂತ್ಕೊಳ್ಳಿಕ್ಕೆ ಬರುದಿಲ್ಲ. ಧಣಿಗಳನ್ನು ಕಂಡರೆ ಕಾಲು ತನ್ನಷ್ಟಕ್ಕೇ ಎದ್ದು ನಿಲ್ತದೆ. ಇಲ್ಲಿ ಅವರು ಅಧ್ಯಕ್ಷರು. ಒಂದಾದ ಮೇಲೆ ಪುನಃ ಮೋರಿಯ ಹುಡುಗನೇ.”

ಅಯ್ಯೋ ದೇವರೇ! ಓದಿದ್ದು ಮಾನಸಿ, ಕೇಳಿಸಿದ್ದು ನಳಿನಾಕ್ಷಕ್ಕ. ಆ ‘ಹೇಳಬಾರದು ಮಾರಾಯ್ತಿ’ಯನ್ನು ಡೊಂಬಿವಲಿಯಲ್ಲಿ ತರಕಾರಿ ಮಾರುವ ಮರಾಠಿ ಹೆಂಗಸೂ ಗುರುತಿಸುತ್ತಾಳೆ. ತಲೆಗಳೆಲ್ಲ ಮೊದಲು ಹೆಂಗಸರ ಸಾಲಿನ ಕಡೆ ತಿರುಗಿದವು, ಅಲ್ಲಿಂದ ವೇದಿಕೆಯ ಕಡೆ. ನಳಿನಾಕ್ಷಕ್ಕ ಹರಿವಾಣವನ್ನು ಮಡಿಲಲ್ಲಿಟ್ಟುಕೊಂಡು ಅದರೊಳಗೇ ನೋಡುತ್ತಿದ್ದರು.

ದೇಜಪ್ಪಣ್ಣ ಎದ್ದು ನಿಂತರು. ಠರಾವು ಓದಲು ಎದ್ದರೋ, ಹೊರಗೆ ಹೋಗಲು ಎದ್ದರೋ, ಕಾಲು ತನ್ನಷ್ಟಕ್ಕೇ ಎದ್ದಿತೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ಮುರಾರಿ ಪಾಪ, ದೇಜಪ್ಪಣ್ಣನ ಕೈ ಹಿಡಿದು ಎಳೆದರು. “ಕೂತ್ಕೋ ದೇಜಪ್ಪ, ಕೂತ್ಕೋ. ಇಲ್ಲಿ ಯಾರು ನಿನ್ನನ್ನು ನಿಲ್ಲಿಸಿದ್ದು?” ಎಂದರು. ಅಷ್ಟು ಪ್ರೀತಿಯಿಂದ, ಅಷ್ಟು ಏಕವಚನದಲ್ಲಿ.

ದೇಜಪ್ಪಣ್ಣ ಕೂರಲಿಲ್ಲ. ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದರು. ನಾನು ಮೈಕಿನಲ್ಲಿ ಈಗ ಚಹಾ ವಿರಾಮ ಎಂದು ಹೇಳಿದೆ.

ಅಲ್ಲಿ ನಾನು ಮಾಡಿದ ಇನ್ನೊಂದು ಕೆಲಸ ಉಂಟು. ಚಹಾ ಎಂದು ಘೋಷಿಸುತ್ತಲೇ, ಮರೆತುಹೋದೀತು ಎಂಬ ಭಯಕ್ಕೆ, ಆ ‘ಕಾಲು ತನ್ನಷ್ಟಕ್ಕೇ’ ಎಂಬುದನ್ನು ಆಮಂತ್ರಣ ಪತ್ರಿಕೆಯ ಬೆನ್ನಿಗೆ ಗೀಚಿಕೊಂಡೆ. ಎಂಥ ಮಾತು ಎಂದು ಒಳಗೊಳಗೇ ಕುಣಿದೆ. ಈಗ ಬರೆಯುವಾಗಲೂ ಅದು ನನಗೆ ಚೆಂದವೇ ಕಾಣುತ್ತದೆ. ಮಾನಸಿಯನ್ನು ಬೈಯಲು ನನಗೆ ಯಾವ ಬಾಯಿ ಇದೆ?

6.

ಆಮೇಲೆ ಆದದ್ದಿಷ್ಟು. ದೇಜಪ್ಪಣ್ಣ ಅಧ್ಯಕ್ಷತೆಗೆ ರಾಜೀನಾಮೆ ಕೊಟ್ಟರು. ಮಹಾಸಂಘದ ಮಾತು ನಿಂತುಹೋಯಿತು, ಕೊಪ್ಪರಿಗೆ ಕಲ್ಯಾಣಕ್ಕೆ ವಾಪಸಾಯಿತು. ಇದೆಲ್ಲ ಹೋಗಲಿ, ಸಂಘ ಯಾರಿಗೆ ಬೇಕು. ಅವರು ಹೆಂಡತಿಯ ಹತ್ತಿರ ಮಾತು ಬಿಟ್ಟಿದ್ದಾರೆ. ಗಲ್ಲಾದಲ್ಲಿ ಕೂತು ಗಿರಾಕಿಗಳ ಹತ್ತಿರ ಮಾತಾಡುತ್ತಾರೆ, ಮನೆಗೆ ಬಂದರೆ ಬಾಯಿಗೆ ಬೀಗ. ಹಸಿವಾದರೆ ತಟ್ಟೆಯ ಮುಂದೆ ಕೂರುತ್ತಾರೆ, ಸಾಕಾದರೆ ಏಳುತ್ತಾರೆ. ನಳಿನಾಕ್ಷಕ್ಕ ಬಡಿಸುತ್ತ ಬಡಿಸುತ್ತ ಒಬ್ಬರೇ ಮಾತಾಡಿಕೊಳ್ಳುತ್ತಾರೆ.

ಈ ಗಂಡಹೆಂಡಿರ ನಡುವೆ ಒಂದು ಮಾತು ಹುಟ್ಟಿಸಬೇಕು. ನನ್ನ ಕಥೆಗೆ ಇರುವ ಕೆಲಸ ಇದೊಂದೇ. ಯುರೋಪು ಬೇಕಾದರೆ ಹಾಳಾಗಿ ಹೋಗಲಿ.

ಮುಕ್ತಾಯ, ಒಂದನೆಯ ಪ್ರಯತ್ನ

ಸಭೆಯಲ್ಲಿ ಓದಿದ ಆ ಮಾತನ್ನು ಯಾರೂ ಹೇಳಿಲ್ಲ, ಕಥೆಗಾರನಾದ ನಾನೇ ಕಟ್ಟಿ ಮಾನಸಿಗೆ ಕೊಟ್ಟದ್ದು ಎಂದು ಇದೇ ವಿಶೇಷಾಂಕದಲ್ಲಿ ಅಚ್ಚು ಹಾಕಿಸುತ್ತೇನೆ. ಸುಳ್ಳು ಹೇಳುವುದು ನನ್ನ ಕಸುಬೇ, ಜನ ನಂಬುತ್ತಾರೆ. ದೇಜಪ್ಪಣ್ಣನೂ ನಂಬುತ್ತಾರೆ, ಅಥವಾ ನಂಬಿದಂತೆ ಮಾಡಲು ಅವರಿಗೊಂದು ನೆವ ಸಿಗುತ್ತದೆ. ಹಿಗ್ಗಿ ಮಾನಸಿಗೆ ಫೋನ್ ಮಾಡಿದೆ.

“ಅಂಕಲ್, ಪಾಗಲ್ ಹೋ ಕ್ಯಾ? ಆಗ ನಾನು ಡೇಟಾ ಫ್ಯಾಬ್ರಿಕೇಟ್ ಮಾಡಿದ್ದು ಅಂತ ಆಗ್ತದೆ. ಥೀಸಿಸ್ ಮುಗೀತು, ನಾನೂ ಮುಗಿದೆ.”

ಆ ಕಡೆಯಿಂದ ಮೂಗು ಎಳೆದುಕೊಂಡದ್ದು ಕೇಳಿಸಿತು.

“ಬರೀರಿ ಅಂಕಲ್. ಹೋದ್ರೆ ಹೋಗ್ಲಿ.”

“ಅಷ್ಟು ಸುಲಭವಾ ಮಗಾ?”

“ಆಂಟಿ ಬೈಯುದೇ ಇಲ್ಲ ಅಂಕಲ್. ಹೋದ್ರೆ ಬಾಗಿಲು ತೆಗೀತಾರೆ, ಚಾ ಕೊಡ್ತಾರೆ, ಬಿಸ್ಕಿಟ್ ಬೇಕಾ ಕೇಳ್ತಾರೆ. ಕೆನ್ನೆಗೆ ಎರಡು ಬಿಟ್ಟಿದ್ರೆ ಚೆನ್ನಾಗಿತ್ತು. ಮುಝೇ ಇತನೀ ಶರಮ್ ಆತೀ ಹೈ, ನಾಚಿಕೆಯಲ್ಲಿ ನಾನು ಈಗ ಲಿಫ್ಟಿನಲ್ಲಿ ಹೋಗುದಿಲ್ಲ, ಅವರು ಸಿಕ್ತಾರೆ ಅಂತ.”

ಅವಳು ಕನ್ನಡದಲ್ಲಿ ಅಳುತ್ತಿದ್ದಳು, ನಳಿನಾಕ್ಷಕ್ಕನೇ ಅತ್ತಂತೆ ಕೇಳಿಸಿತು. ಈ ಮುಕ್ತಾಯವನ್ನು ಕೈಬಿಟ್ಟೆ.

ಮುಕ್ತಾಯ, ಎರಡನೆಯದು (ಸುಖಾಂತ ಬಯಸುವವರಿಗೆ)

ಮಹಾಸಂಘ ಆಗಿಯೇ ಆಗುತ್ತದೆ. ದೇಜಪ್ಪಣ್ಣನಿಗೆ ಉಪಾಧ್ಯಕ್ಷ ಸ್ಥಾನ, ಯಾರ ಮನಸ್ಸೂ ನೋಯಬಾರದೆಂದು ಸೃಷ್ಟಿಸಿದ ಉಪಾಧ್ಯಕ್ಷರ ದೊಡ್ಡದೊಂದು ಸಾಲಿನಲ್ಲಿ. ಮುರಾರಿ ಅವರನ್ನು ‘ನೀವು’ ಎಂದು ಕರೆಯುತ್ತಾರೆ. ಎಲ್ಲರೂ ಒಟ್ಟಿಗೆ ನಾಡಗೀತೆ ಹಾಡುತ್ತಾರೆ.

ಬರೆದದ್ದನ್ನು ದೇಜಪ್ಪಣ್ಣನಿಗೇ ಓದಿ ಹೇಳಿದೆ, ಮನಸ್ಸಿನೊಳಗೆ. ಅವರು ನನ್ನ ಮುಖ ನೋಡದೆ ಹೇಳಿದರು. “ನೀವು ಬರೆದದ್ದು ಚಂದ ಉಂಟು ಪ್ರೇಮಣ್ಣ. ಆದರೆ ಮುರಾರಿ ಧಣಿ ‘ನೀವು’ ಹೇಳಿದ ದಿವಸ ನನಗೆ ಇನ್ನೂ ನಾಚಿಕೆ ಆದೀತು.”

ಪಾತ್ರ ಹೇಳಿದ್ದು ಸರಿ ಎಂದು ಗೊತ್ತಾದ ಮೇಲೆ ಕಥೆಗಾರನಿಗೆ ಅಲ್ಲಿ ಕೆಲಸವಿಲ್ಲ.

ಮೂರನೆಯದನ್ನು ಮುಕ್ತಾಯ ಎನ್ನಲಾರೆ

ಕೊನೆಗೆ ಡೊಂಬಿವಲಿಗೆ ಹೋದೆ. ದೇಜಪ್ಪಣ್ಣ ಹೋಟೆಲಿನಲ್ಲಿರುವ ಹೊತ್ತು ನೋಡಿ ಹೋದೆ, ಅದೂ ನಾಚಿಕೆಯ ವಿಷಯವೇ. ನಳಿನಾಕ್ಷಕ್ಕ ಚಾ ಇಟ್ಟರು. ಎಲ್ಲ ಹೇಳಿದೆ. ನಾನೇ ಕಟ್ಟಿದ್ದು ಎಂದು ಬರೆಯಲೇ ಎಂದು ಕೇಳಿದೆ.

“ಸುಳ್ಳು ಬರೀಬೇಡಿ ಪ್ರೇಮಣ್ಣ. ಮಗುವಿನ ಓದು ಹಾಳಾಗ್ತದೆ. ನಾನು ಹೇಳಿದ್ದು ಹೌದು.”

“ಹಾಗಾದರೆ ನಿಜ ಬರೀತೇನೆ.”

“ನಿಜವೂ ಬೇಡ. ಕೈ ಮುಗೀತೇನೆ.”

“ಮತ್ತೆ ಎಂತ ಬರೆಯುದು ನಳಿನಾಕ್ಷಕ್ಕ?”

“ಬರೆಯದೆ ಇರ್ಲಿಕ್ಕೆ ಆಗುದಿಲ್ವಾ ನಿಮಗೆ?”

ಚಾ ಕುಡಿದೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಬಾರದಿತ್ತು, ಕೇಳಿದೆ.

“ಅವರನ್ನು ಹೀನಾಯ ಮಾಡ್ಲಿಕ್ಕೆ ಹೇಳಿದ್ದಾ ನಾನು? ಠಾಣೆಗೆ ಹೋದಾಗೆಲ್ಲ ಅವರು ಎದ್ದು ನಿಲ್ಲುದು ನೋಡಿ ನನ್ನ ಹೊಟ್ಟೆ ಉರೀತಿತ್ತು. ಇಷ್ಟು ವರ್ಷ ದುಡಿದ ಮನುಷ್ಯ, ಆರಾಮ ಕೂತ್ಕೊಳ್ಳಿ ಮಾರಾಯ್ರೆ ಅಂತ ಹೇಳ್ಬೇಕು ಅನಿಸ್ತಿತ್ತು. ಅವರಿಗೆ ಹೇಳ್ಲಿಕ್ಕೆ ಆಗುದಿಲ್ಲ, ಮಗುವಿನ ಹತ್ತಿರ ಹೇಳಿದೆ. ಈಗ ಹೇಳುವ ಅಂದ್ರೆ ಅವರು ತಲೆ ಎತ್ತಿ ನೋಡ್ಬೇಕಲ್ಲ.”

ಸೆರಗಿನಲ್ಲಿ ಕಣ್ಣೊರಸಿಕೊಂಡರು. ಹೊರಡುವಾಗ ಬಾಗಿಲ ತನಕ ಬಂದರು. “ಬರೆಯುದೇ ಆದ್ರೆ ಇಂಗ್ಲಿಷಿನಲ್ಲಿ ಬರೀರಿ. ಅವರಿಗೆ ಓದ್ಲಿಕ್ಕೆ ಬರುದು ಕನ್ನಡ ಒಂದೇ. ನಿಮ್ಮ ಸಂಘದ ವಿಶೇಷಾಂಕದ ಪುಸ್ತಕ ಬಂದ್ರೆ ಜಾಹೀರಾತು ಸಮೇತ ಓದ್ತಾರೆ.”

ನನಗೆ ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬಿಟ್ಟು ಬೇರೇನೂ ಬರೆಯಲು ಬರುವುದಿಲ್ಲ. ಬಂದಿದ್ದರೂ ಬರೆಯುತ್ತಿರಲಿಲ್ಲ ಅಂತ ಈಗ ಅನಿಸುತ್ತಿದೆ.

ಓದುಗರೇ, ನೀವಿನ್ನು ಹೋಗಬಹುದು. ಇಲ್ಲಿಂದ ಮುಂದೆ ನಿಮಗೆ ಕೆಲಸವಿಲ್ಲ, ನನಗೆ ಒಬ್ಬರ ಹತ್ತಿರ ಮಾತಾಡುವುದಿದೆ.

ದೇಜಪ್ಪಣ್ಣ, ಇಷ್ಟು ದೂರ ಓದಿದ್ದೀರಿ ಎಂದು ನನಗೆ ಗೊತ್ತು. ಹೆಸರು ಬದಲಿಸಿದ್ದೇನೆ, ಆದರೆ ಏಳನೇ ನಂಬರ್ ಯಾರನ್ನು ಮುಚ್ಚಿತ್ತು, ಇದು ಮುಚ್ಚಲು? ಬೇಡ ಎಂದವರ ಮಾತನ್ನು ಎರಡನೇ ಸಲ ಸಭೆಗೆ ತಂದಿದ್ದೇನೆ, ಈ ಸಲ ಅಚ್ಚು ಹಾಕಿಸಿ. ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ. ಮುಂದೆ ಏನಾಯಿತು ಎಂದು ಬರೆಯುವ ಹಕ್ಕೂ ಇಲ್ಲ, ಹಾಗಾಗಿ ಬರೆಯುವುದಿಲ್ಲ. ಪುಸ್ತಕ ನಿಮ್ಮ ಕೈಯಲ್ಲಿದೆ, ನಳಿನಾಕ್ಷಕ್ಕ ಒಳಗಿದ್ದಾರೆ. ಸಿಟ್ಟು ಬಂದಿದ್ದರೆ ನನ್ನನ್ನು ಬೈಯಿರಿ, ಬಾಯಿಗೆ ಬಂದಂತೆ ಬೈಯಿರಿ. ಆದರೆ ಮನಸ್ಸಿನೊಳಗೆ ಬೇಡ. ಅಡುಗೆಮನೆಯ ಬಾಗಿಲಿಗೆ ಹೋಗಿ, ಅವರ ಹತ್ತಿರ ಬೈಯಿರಿ.